ಕಳೆಯುವ ಲೆಕ್ಕ: ಡಿಸ್ಚಾರ್ಜ್ ಎಂಬ ಬ್ಯಾಂಡಿನ ಕಥೆ

(ಗೆಳೆಯರು ಸೇರಿದ್ದ ಒಂದು ಸಂಜೆ ಮಾತಾಡಿದ್ದು ಇದು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಅವತ್ತು ಹೇಳಲು ಮರೆತ ಒಂದೆರಡು ಸಂಗತಿ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಬೆಳಗ್ಗೆ ಅಮ್ಮನಿಗೆ ಫೋನ್ ಮಾಡಿ, 'ಸಂಜೆ ಡಿಸ್ಚಾರ್ಜ್ ಬಗ್ಗೆ ಮಾತಾಡೋಕೆ ಹೋಗ್ತಿದ್ದೀನಿ' ಅಂದೆ. ಅಮ್ಮ ಗಾಬರಿಯಾಗಿ, 'ಯಾರಪ್ಪಾ ಆಸ್ಪತ್ರೆಲಿದ್ದಿದ್ದು, ನಂಗ್ಯಾಕೆ ಹೇಳ್ಲಿಲ್ಲ' ಅಂದರು. ನಮ್ಮ ಕಡೆ ಡಿಸ್ಚಾರ್ಜ್ ಅಂದರೆ ಅಷ್ಟೇ ಅಲ್ವಾ, ಒಂದೋ ಆಸ್ಪತ್ರೆ, ಇಲ್ಲಾಂದ್ರೆ ಮೊಬೈಲ್ ಬ್ಯಾಟರಿ. ಇವತ್ತಿನದು ಎರಡೂ ಅಲ್ಲ. ಇಂಗ್ಲೆಂಡಿನ ನಡುಭಾಗದಲ್ಲಿ ಸ್ಟೋಕ್-ಆನ್-ಟ್ರೆಂಟ್ ಅಂತ ಒಂದು ಊರಿದೆ. ಅಲ್ಲಿ 1977ರಲ್ಲಿ ಕೆಲವು ಹುಡುಗರು ಕಟ್ಟಿದ ಪಂಕ್ ಬ್ಯಾಂಡಿನ ಹೆಸರು ಡಿಸ್ಚಾರ್ಜ್. ಪಂಕ್ ಅಂದರೆ ಒರಟಾದ, ಕೋಪದ, ವೇಗದ ರಾಕ್ ಸಂಗೀತ.

ಈ ಬ್ಯಾಂಡಿನ ಬಗ್ಗೆ ಯಾಕೆ ಮಾತಾಡಬೇಕು ಅಂದರೆ, ಇವರ ಒಂದು ಹಾಡನ್ನೂ ಕೇಳದವರು ಕೂಡ ಇವರಿಂದ ಹುಟ್ಟಿದ ಸದ್ದನ್ನು ಎಲ್ಲೋ ಕೇಳಿರುತ್ತಾರೆ. ಇನ್ನೊಂದು ಕಾರಣ ನನ್ನದೇ. ಸಾಮಾನ್ಯವಾಗಿ ಸಂಗೀತಗಾರರು ಕಲಿತಷ್ಟೂ ಕೂಡಿಸುತ್ತಾ ಹೋಗುತ್ತಾರೆ. ಒಂದು ರಾಗ ಜಾಸ್ತಿ, ಒಂದು ವಾದ್ಯ ಜಾಸ್ತಿ, ಒಂದು ಹಾಡು ಉದ್ದ. ಇವರು ಮಾಡಿದ್ದು ಕಳೆಯುವ ಲೆಕ್ಕ. ತೆಗೆದರು, ತೆಗೆದರು, ಇನ್ನು ತೆಗೆಯಲು ಏನೂ ಉಳಿದಿಲ್ಲ ಅನ್ನುವ ತನಕ ತೆಗೆದರು. ಆಮೇಲೆ ಒಂದು ದಿನ ಕೂಡಿಸಲು ಹೋಗಿ ಕೆಟ್ಟರು. ಕಥೆ ಇಷ್ಟೇ, ಆದರೆ ಮಧ್ಯೆ ಮಜಾ ಇದೆ.

ಇನ್ನೊಂದು ಮಾತು, ನಾನು ಇವರನ್ನೆಲ್ಲ ಏಕವಚನದಲ್ಲೇ ಕರೆಯುತ್ತೇನೆ. ಈಗ ಅವರೆಲ್ಲ ಅಜ್ಜಂದಿರ ವಯಸ್ಸಿನವರು, ನಿಜ. ಆದರೆ ನಮ್ಮ ಕಥೆಯಲ್ಲಿ ಅವರಿನ್ನೂ ಹುಡುಗರು.

ಮೊದಲು ಊರು. ಲಂಡನ್ನಿನಿಂದ ಮ್ಯಾಂಚೆಸ್ಟರಿಗೆ ಹೋಗುವ ರೈಲಿನ ದಾರಿಯಲ್ಲಿ ಸ್ಟೋಕ್ ಸಿಗುತ್ತದೆ. ಅದು ಒಂದೇ ಊರಲ್ಲ, ಆರು ಪಟ್ಟಣಗಳನ್ನು 1910ರಲ್ಲಿ ಸೇರಿಸಿ ಮಾಡಿದ ಊರು. ಟನ್‌ಸ್ಟಲ್, ಬರ್ಸ್ಲಮ್, ಹ್ಯಾನ್ಲಿ, ಸ್ಟೋಕ್, ಫೆಂಟನ್, ಲಾಂಗ್ಟನ್. ಆ ಸೀಮೆಗೇ 'ಪಾಟರೀಸ್' ಅಂತ ಹೆಸರು, ಅಂದರೆ ಮಡಕೆಯವರ ಸೀಮೆ. ಪಿಂಗಾಣಿ ಕಪ್ಪು, ಸಾಸರ್, ತಟ್ಟೆ ಅಂದರೆ ಇಂಗ್ಲೆಂಡಿಗೆಲ್ಲ ಅಲ್ಲಿಂದಲೇ ಹೋಗಬೇಕಿತ್ತು. ವೆಜ್‌ವುಡ್ ಹೆಸರು ಕೇಳಿರಬಹುದು, ಅವರದೂ ಅದೇ ಸೀಮೆ. ಬಾಟಲಿಯ ಆಕಾರದ ದೊಡ್ಡ ದೊಡ್ಡ ಇಟ್ಟಿಗೆ ಗೂಡುಗಳು, ಕಲ್ಲಿದ್ದಲ ಹೊಗೆ, ಕಪ್ಪಾದ ಗೋಡೆ. ಮಣ್ಣಿನ ಕೆಲಸದ ಜೊತೆಗೆ ಗಣಿಯೂ ಇತ್ತು, ಉಕ್ಕೂ ಇತ್ತು. ನಮ್ಮ ಹುಡುಗರು ಬ್ಯಾಂಡ್ ಕಟ್ಟಿದ ಮರುವರ್ಷವೇ, 1978ರಲ್ಲಿ, ಶೆಲ್ಟನ್ ಬಾರ್ ಅನ್ನುವ ಕಾರ್ಖಾನೆಯಲ್ಲಿ ಉಕ್ಕು ಮಾಡುವುದು ನಿಂತುಹೋಯಿತು. ಅಪ್ಪ ಹೋದ ಕಾರ್ಖಾನೆಗೆ ಮಗನೂ ಹೋಗುವ ಪದ್ಧತಿ ಇದ್ದ ಊರು ಅದು. ಅಲ್ಲಿ ಕಾರ್ಖಾನೆಯ ಗೇಟು ಬಿದ್ದರೆ ಏನಾಗುತ್ತದೆ ಅಂತ ನಾನು ಬಿಡಿಸಿ ಹೇಳಬೇಕಿಲ್ಲ.

ಇದೇ ಊರಲ್ಲಿ, ಬರ್ಸ್ಲಮ್‌ನಲ್ಲಿ, 1945ರ ಕ್ರಿಸ್‌ಮಸ್ಸಿನ ಹಿಂದಿನ ದಿನ ಒಂದು ಮಗು ಹುಟ್ಟಿತ್ತು. ಮುಂದೆ ಮೋಟರ್‌ಹೆಡ್ ಅನ್ನುವ ಅಬ್ಬರದ ರಾಕ್ ಬ್ಯಾಂಡಿನ ಲೆಮ್ಮಿ ಆದದ್ದು ಅದೇ ಮಗು. ಲೆಮ್ಮಿ ಚಿಕ್ಕಂದಿನಲ್ಲೇ ಊರು ಬಿಟ್ಟ. ಆದರೂ ನನಗೆ ಇದು ಬರೀ ಕಾಕತಾಳೀಯ ಅಂತ ಬಿಟ್ಟುಬಿಡಲು ಮನಸ್ಸಾಗುವುದಿಲ್ಲ. ಯಾಕೆಂದರೆ ಡಿಸ್ಚಾರ್ಜ್‌ನ ಸದ್ದಿನಲ್ಲಿ ಅರ್ಧ ಪಂಕ್ ಇದ್ದರೆ ಉಳಿದರ್ಧ ಮೋಟರ್‌ಹೆಡ್. ಬೇಸ್ ಗಿಟಾರಿನ, ಅಂದರೆ ತಗ್ಗಿನ ಸ್ವರದ ಗಿಟಾರಿನ, ಆ ಕರಕರ, ಎಲ್ಲೂ ಬಿಡುವು ಕೊಡದ ಆ ಓಟ.

ಸರಿ, ಹುಡುಗರು. ಶುರುವಿನಲ್ಲಿ ಟೆರಿ ರಾಬರ್ಟ್ಸ್ ಹಾಡುತ್ತಿದ್ದ, ಅವನನ್ನು ಟೆಜ್ ಅಂತ ಕರೆಯುತ್ತಿದ್ದರು. ಅವನ ಒಡಹುಟ್ಟಿದವನು ಟೋನಿ, ಅಡ್ಡಹೆಸರು ಬೋನ್ಸ್, ಗಿಟಾರ್. ರಾಯ್ ವೇನ್‌ರೈಟ್, ಅಂದರೆ ರೇನಿ, ಅವನದೂ ಗಿಟಾರ್. ಬೇಸ್‌ಗೆ ನೈಜೆಲ್ ಬ್ಯಾಮ್‌ಫರ್ಡ್, ಡ್ರಮ್ಸ್‌ಗೆ ಆಕ್ಕೊ. ಆಗಿನ ಹಾಡುಗಳನ್ನು ಕೇಳಿದರೆ ಲಂಡನ್ನಿನ ಹೆಸರಾಂತ ಪಂಕ್ ಬ್ಯಾಂಡ್ ಸೆಕ್ಸ್ ಪಿಸ್ಟಲ್ಸ್ ಅನ್ನು ಪಕ್ಕದ ಬೀದಿಯವರು ಹಾಡಿದ ಹಾಗಿದೆ. ಆ ಕಾಲಕ್ಕೆ ಇಂಗ್ಲೆಂಡಿನ ಪ್ರತಿ ಊರಲ್ಲೂ ಇಂಥದ್ದೊಂದು ಬ್ಯಾಂಡ್ ಇತ್ತು. ಇವರೂ ಅಷ್ಟಕ್ಕೇ ನಿಂತಿದ್ದರೆ ನಾನು ಇಲ್ಲಿ ನಿಂತಿರುತ್ತಿರಲಿಲ್ಲ.

ಆಮೇಲೆ ಬ್ಯಾಂಡಿನೊಳಗೆ ಕುರ್ಚಿ ಬದಲಾದವು. ಡ್ರಮ್ಸ್‌ನವನು ಬಿಟ್ಟ, ಬೇಸ್‌ನವನೂ ಬಿಟ್ಟ. ಹಾಡುತ್ತಿದ್ದ ಟೆಜ್ ಹೋಗಿ ಡ್ರಮ್ಸ್ ಮುಂದೆ ಕೂತ. ಗಿಟಾರಿನ ರೇನಿ ಬೇಸ್ ಹಿಡಿದ. ಹಾಗಾದರೆ ಹಾಡುವವರು ಯಾರು? ಇವರ ಸಾಮಾನು ಹೊರುತ್ತಿದ್ದ ಹುಡುಗನೊಬ್ಬ ಇದ್ದ, ಕೆಲ್ವಿನ್ ಮಾರಿಸ್, ಎಲ್ಲರಿಗೂ ಕ್ಯಾಲ್. ಅವನನ್ನೇ ಮೈಕಿನ ಮುಂದೆ ನಿಲ್ಲಿಸಿದರು. ಸಾಮಾನು ಹೊರುವವನನ್ನು ಹಾಡಲು ನಿಲ್ಲಿಸಿದ್ದು ಬೇರೆ ದಾರಿ ಇಲ್ಲದೆ ಇರಬಹುದು. ಆದರೆ ಅದರಿಂದ ಆದದ್ದು ಏನು ನೋಡಿ. ಕ್ಯಾಲ್‌ಗೆ ಹಾಡುವ ಗೋಜೇ ಇರಲಿಲ್ಲ. ಅವನು ಕೂಗಿದ. ಒಂದೇ ಎತ್ತರದಲ್ಲಿ, ಬೆಂಕಿ ಬಿದ್ದ ಮನೆಯ ಮುಂದೆ ನಿಂತವನು ಕೂಗುವ ಹಾಗೆ.

ಈಗ ಮುಖ್ಯ ವಿಷಯಕ್ಕೆ ಬರ್ತೀನಿ, ಡ್ರಮ್ಸ್. (ಇಲ್ಲಿ ನಾನು ಮೇಜು ಬಡಿದು ತೋರಿಸಿದೆ. ಬರಹದಲ್ಲಿ ಅದು ಆಗದ ಕೆಲಸ. ಆದರೂ ಪ್ರಯತ್ನ ಮಾಡುತ್ತೇನೆ.) ಸಾಧಾರಣ ರಾಕ್ ಹಾಡಿನ ಬಡಿತ 'ಡುಂ ಟಾ ಡುಂ ಟಾ'. ಕಾಲಿಂದ ದೊಡ್ಡ ಡ್ರಮ್, ಕೈಯಿಂದ ಸ್ನೇರ್ ಅನ್ನುವ ಚಿಕ್ಕ ಡ್ರಮ್, ಒಂದಾದ ಮೇಲೆ ಒಂದು. ಮಗುವೂ ಹಿಡಿಯಬಹುದಾದ ತಾಳ. ಟೆಜ್ ಅದನ್ನು ಸ್ವಲ್ಪ ತಿರುಚಿದ. 'ಡುಂ ಟಾ, ಡುಡುಂ ಟಾ, ಡುಂ ಟಾ, ಡುಡುಂ ಟಾ'. ಆ ನಡುವಿನ 'ಡುಡುಂ' ಇದೆಯಲ್ಲ, ಅದು ತಾಳದ ಬೆನ್ನಿಗೆ ಕೈ ಹಾಕಿ ಮುಂದಕ್ಕೆ ತಳ್ಳುತ್ತದೆ. ಇಳಿಜಾರಿನಲ್ಲಿ ಓಡುವಾಗ ಕಾಲು ನಮ್ಮ ಮಾತು ಕೇಳದೆ ತಾನೇ ಮುಂದೆ ಹೋಗುತ್ತದಲ್ಲ, ಹಾಗೆ. ಇಂಥ ಬಡಿತ ಅದಕ್ಕೂ ಮೊದಲು ಅಲ್ಲೊಂದು ಇಲ್ಲೊಂದು ಹಾಡಿನಲ್ಲಿ ಬಂದು ಹೋಗಿತ್ತು. ಇವರು ಮಾಡಿದ್ದು ಏನೆಂದರೆ, ಅದನ್ನು ಹಿಡಿದು ಬಿಡಲೇ ಇಲ್ಲ. ಹಾಡು ಶುರುವಾದಾಗ ಹಿಡಿದ ಬಡಿತ ಹಾಡು ಮುಗಿಯುವ ತನಕ, ಆ ಹಾಡು ಮುಗಿದರೆ ಮುಂದಿನ ಹಾಡಿಗೂ ಅದೇ. ಇವತ್ತು ಜಗತ್ತಿನ ಯಾವ ಮೂಲೆಯ ಡ್ರಮ್ಸ್‌ನವನನ್ನು ಕೇಳಿದರೂ ಆ ತಾಳಕ್ಕೆ ಒಂದೇ ಹೆಸರು ಹೇಳುತ್ತಾನೆ, 'ಡಿ-ಬೀಟ್'. ಡಿ ಅಂದರೆ ಡಿಸ್ಚಾರ್ಜ್. ಒಂದು ತಾಳಕ್ಕೆ ಬ್ಯಾಂಡಿನ ಹೆಸರಿಡುವುದು ಎಲ್ಲರಿಗೂ ಸಿಗುವ ಗೌರವ ಅಲ್ಲ.

ಅದರ ಮೇಲೆ ಬೋನ್ಸ್‌ನ ಗಿಟಾರ್. ಅದು ಗೋಡೆ. ಮೂರು ನಾಲ್ಕು ಸ್ವರ, ಅಷ್ಟೇ, ಅದನ್ನೇ ತಿರುಗಿ ತಿರುಗಿ. ನಡುವೆ ಎಲ್ಲೋ ಹತ್ತು ಸೆಕೆಂಡು ಒಂದು ಚೀರಾಟ, ಮತ್ತೆ ಗೋಡೆ. ಸಾಹಿತ್ಯದಲ್ಲೂ ಅದೇ ಲೆಕ್ಕ. ಪ್ರೀತಿ ಇಲ್ಲ, ತಮಾಷೆ ಇಲ್ಲ, 'ನಾನು' ಇಲ್ಲ. ಎಷ್ಟೋ ಹಾಡಿನಲ್ಲಿ ಮೂರು ನಾಲ್ಕು ಸಾಲು ಅಷ್ಟೇ ಇರುವುದು, ಅದನ್ನೇ ಮತ್ತೆ ಮತ್ತೆ ಕೂಗುತ್ತಾನೆ. 'ಫ್ರೀ ಸ್ಪೀಚ್ ಫಾರ್ ದ ಡಂಬ್' ಅಂತ ಒಂದು ಹಾಡಿದೆ, ಮೂಕರಿಗೂ ಮಾತಿನ ಸ್ವಾತಂತ್ರ್ಯ ಅಂತ ಅರ್ಥ. ಆ ಹಾಡಿನ ಸಾಹಿತ್ಯ ಏನು ಅಂದರೆ ಆ ಹೆಸರೇ. ಮೊದಲಿಂದ ಕೊನೆಯವರೆಗೆ ಆ ಹೆಸರೇ! ಮೊದಲ ಸಲ ಕೇಳಿದಾಗ ನಾನು ನಕ್ಕಿದ್ದೆ. ನಾಲ್ಕನೇ ಸಲ ಕೇಳುವಾಗ ನಗು ಬರಲಿಲ್ಲ. ಮಾತು ಬಾರದವನಿಗೆ ಮಾತು ಬಂದರೆ ಒಂದೇ ಮಾತನ್ನು ಸಾವಿರ ಸಲ ಆಡುತ್ತಾನೆ ಅಲ್ವಾ.

ಇನ್ನು ಇವರು ಇಷ್ಟೊಂದು ಕೂಗಿದ್ದು ಯಾವುದರ ಬಗ್ಗೆ? ಯುದ್ಧ. ಅದರಲ್ಲೂ ಅಣುಬಾಂಬು. ಈಗ ಕೂತು ಕೇಳಿದರೆ 'ಎಲ್ಲ ಹಾಡೂ ಬಾಂಬಿನ ಮೇಲೇನಾ' ಅಂತ ಅನ್ನಿಸಬಹುದು. ಆಗಿನ ಇಂಗ್ಲೆಂಡಿನಲ್ಲಿ ಅದು ದಿನಾ ತಲೆ ಮೇಲೆ ತೂಗುತ್ತಿದ್ದ ಭಯ. ಅಣುಬಾಂಬು ಹೊತ್ತು ಹಾರುವ ಅಮೆರಿಕದ ಕ್ರೂಸ್ ಕ್ಷಿಪಣಿಗಳನ್ನು ಯುರೋಪಿನಲ್ಲಿ ತಂದಿಡುವುದು ಅಂತ ನೇಟೋ ಕೂಟ 1979ರ ಡಿಸೆಂಬರಿನಲ್ಲಿ ತೀರ್ಮಾನ ಮಾಡಿತು. ಮುಂದಿನ ವರ್ಷ, ಬ್ರಿಟನ್ನಿನಲ್ಲಿ ಗ್ರೀನಮ್ ಕಾಮನ್ ಮತ್ತು ಮೋಲ್ಸ್‌ವರ್ತ್ ಅನ್ನುವ ವಾಯುನೆಲೆಗಳಲ್ಲಿ ಅವನ್ನು ಇಡುತ್ತೇವೆ ಅಂತ ಹೇಳಿದರು. ಅದೇ 1980ರಲ್ಲಿ ಸರ್ಕಾರ 'ಪ್ರೊಟೆಕ್ಟ್ ಅಂಡ್ ಸರ್ವೈವ್' ಅಂತ ಒಂದು ಕಿರುಪುಸ್ತಕ ಮಾರಾಟಕ್ಕೆ ಬಿಟ್ಟಿತು. ಕಾಪಾಡಿಕೊಳ್ಳಿ, ಬದುಕುಳಿಯಿರಿ ಅಂತ. ಬೆಲೆ 50 ಪೆನ್ಸ್.

ಆ ಪುಸ್ತಕದ ಬಗ್ಗೆ ಸ್ವಲ್ಪ ಹೇಳಲೇಬೇಕು, ಯಾಕೆಂದರೆ ಡಿಸ್ಚಾರ್ಜ್‌ನ ಯಾವ ಹಾಡಿಗಿಂತಲೂ ಅದು ಭಯಾನಕ. ಬಾಂಬು ಬಿದ್ದರೆ ಏನು ಮಾಡಬೇಕು? ಮನೆಯ ಬಾಗಿಲುಗಳನ್ನು ಕಳಚಿ ಒಳಗೋಡೆಗೆ ಓರೆಯಾಗಿ ಒರಗಿಸಿ, ಮೇಲೆ ಮಣ್ಣು ತುಂಬಿದ ಚೀಲ ಪೇರಿಸಿ, ಅದರಡಿ ಸಂಸಾರ ಸಮೇತ ಕೂರಬೇಕು. ಕಿಟಕಿ ಗಾಜಿಗೆ ಬಿಳಿ ಬಣ್ಣ ಬಳಿಯಬೇಕು. 14 ದಿನಕ್ಕಾಗುವಷ್ಟು ಊಟ ನೀರು ಇಟ್ಟುಕೊಳ್ಳಬೇಕು. ರೇಡಿಯೋ ಕೇಳುತ್ತಿರಬೇಕು. ನಡುವೆ ಮನೆಯಲ್ಲಿ ಯಾರಾದರೂ ತೀರಿಕೊಂಡರೆ ಹೆಣವನ್ನು ಬೇರೆ ಕೋಣೆಗೆ ಸಾಗಿಸಿ, ಮುಚ್ಚಿ, ಹೆಸರು ವಿಳಾಸ ಬರೆದ ಚೀಟಿ ಕಟ್ಟಬೇಕು. ಇಷ್ಟನ್ನೂ ಹೊಸ ಮಿಕ್ಸಿ ಜೊತೆ ಬರುವ ಪುಸ್ತಕದ ಧಾಟಿಯಲ್ಲಿ, ಚಿತ್ರ ಸಮೇತ, ಶಾಂತವಾಗಿ ಹೇಳಿದ್ದಾರೆ. ಇತಿಹಾಸಕಾರ ಇ. ಪಿ. ಥಾಂಪ್ಸನ್ ಇದಕ್ಕೆ ಉತ್ತರವಾಗಿ ಒಂದು ಕಿರುಹೊತ್ತಗೆ ಬರೆದರು, ಹೆಸರಿನಲ್ಲಿ ಒಂದೇ ಪದ ಬದಲಾಯಿಸಿ: 'ಪ್ರೊಟೆಸ್ಟ್ ಅಂಡ್ ಸರ್ವೈವ್'. ಪ್ರತಿಭಟಿಸಿ, ಆಗ ಬದುಕುಳಿಯುತ್ತೀರಿ ಅಂತ. ಡಿಸ್ಚಾರ್ಜ್‌ನವರು ಅದೇ ಹೆಸರಿನಲ್ಲಿ ಒಂದು ಹಾಡು ಕಟ್ಟಿದರು. ಪ್ರೊಫೆಸರ್ ಪುಟಗಟ್ಟಲೆ ಬರೆದದ್ದನ್ನು ಈ ಹುಡುಗರು ಎರಡು ಮೂರು ನಿಮಿಷದಲ್ಲಿ ಕೂಗಿ ಮುಗಿಸಿದರು. ಎರಡೂ ಬೇಕಿತ್ತು ಅಂತ ನನ್ನ ಅನಿಸಿಕೆ.

ರೆಕಾರ್ಡ್ ಮಾಡಿದವರು ಯಾರು ಅಂದರೆ, ಅದೂ ಊರಿನ ಕಥೆಯೇ. ಮೈಕ್ ಸ್ಟೋನ್ ಅಂತ ಒಬ್ಬ, ಹಿಂದೆ ಲಂಡನ್ನಿನ ಬೆಗರ್ಸ್ ಬ್ಯಾಂಕ್ವೆಟ್ ಅನ್ನುವ ರೆಕಾರ್ಡ್ ಕಂಪನಿಯಲ್ಲಿ ಕೆಲಸ ಮಾಡಿದ್ದವನು, ಸ್ಟೋಕಿನ ಹ್ಯಾನ್ಲಿಯಲ್ಲಿ ರೆಕಾರ್ಡ್ ಅಂಗಡಿ ಇಟ್ಟುಕೊಂಡಿದ್ದ. ಅವನು 1980ರಲ್ಲಿ ಸ್ವಂತ ಕಂಪನಿ ಶುರು ಮಾಡಿದ. ಹೆಸರು ಕ್ಲೇ ರೆಕಾರ್ಡ್ಸ್. ಕ್ಲೇ ಅಂದರೆ ಜೇಡಿಮಣ್ಣು! ಮಡಕೆ ಊರಿನಲ್ಲಿ ಇನ್ನೇನು ಹೆಸರಿಡುತ್ತಾರೆ. ಆ ಕಂಪನಿಯ ಮೊಟ್ಟಮೊದಲ ರೆಕಾರ್ಡೇ ಡಿಸ್ಚಾರ್ಜ್‌ನ 'ರಿಯಾಲಿಟೀಸ್ ಆಫ್ ವಾರ್'. ನಾಲ್ಕು ಹಾಡಿನ ಪುಟ್ಟ ರೆಕಾರ್ಡು. ಹೊದಿಕೆಯ ಮೇಲೆ ಮುಖ ಇಲ್ಲ, ಮೊಳೆ ಹೊಡೆದ ಚರ್ಮದ ಜಾಕೆಟ್ಟಿನ ಬೆನ್ನು. ಇವತ್ತಿಗೂ ಪಂಕ್ ಅಂದರೆ ನಮ್ಮ ಕಣ್ಣಿಗೆ ಬರುವ ವೇಷ ಅದೇ. ಬಿಬಿಸಿ ರೇಡಿಯೋದಲ್ಲಿ ಜಾನ್ ಪೀಲ್ ಅದನ್ನು ಹಾಕಿದರು. ಚಿಕ್ಕ ಕಂಪನಿಗಳ ರೆಕಾರ್ಡುಗಳಿಗೆ ಅಂತಲೇ ಇಂಡಿ ಅನ್ನುವ ಮಾರಾಟದ ಪಟ್ಟಿ ಆಗಷ್ಟೇ ಶುರುವಾಗಿತ್ತು, ಅದರಲ್ಲಿ ಇದು 5ನೇ ಸ್ಥಾನಕ್ಕೆ ಏರಿತು, ತಿಂಗಳುಗಟ್ಟಲೆ ಇಳಿಯಲೇ ಇಲ್ಲ. ಜಾಹೀರಾತು ಇಲ್ಲ, ಟಿವಿ ಇಲ್ಲ, ಮಣ್ಣಿನ ಊರಿನ ಒಂದು ಅಂಗಡಿ.

ಆಮೇಲೆ ಸಾಲಾಗಿ ಬಂದವು. ಅದೇ ವರ್ಷ 'ಫೈಟ್ ಬ್ಯಾಕ್', 'ಡಿಕಂಟ್ರೋಲ್'. 1981ರಲ್ಲಿ 'ವೈ?', ಅದು ಇಂಡಿ ಪಟ್ಟಿಯಲ್ಲಿ ಮೊದಲ ಸ್ಥಾನ. ಅದೇ ವರ್ಷ 'ನೆವರ್ ಅಗೇನ್', ಇದು ದೇಶದ ಮುಖ್ಯ ಪಟ್ಟಿಯಲ್ಲೇ 64ನೇ ಸ್ಥಾನ ಹಿಡಿಯಿತು. ಈ 'ನೆವರ್ ಅಗೇನ್' ಹೊದಿಕೆಯನ್ನು ಒಮ್ಮೆ ನೋಡಬೇಕು ನೀವು. ಬಂದೂಕಿನ ತುದಿಯ ಬಾಕಿಗೆ ಚುಚ್ಚಿಕೊಂಡ ಒಂದು ಪಾರಿವಾಳ. ಅದು ಜರ್ಮನಿಯ ಜಾನ್ ಹಾರ್ಟ್‌ಫೀಲ್ಡ್ ಅನ್ನುವ ಕಲಾವಿದ ಮಾಡಿದ್ದು, 1932ರಷ್ಟು ಹಳೆಯ ಚಿತ್ರ. ಕತ್ತರಿ, ಅಂಟು, ಪತ್ರಿಕೆಯ ಫೋಟೋ ಇಷ್ಟರಲ್ಲೇ ಹಿಟ್ಲರನ ಜೊತೆ ಜಗಳ ಆಡಿದವರು ಅವರು. ಸುಮಾರು ಐವತ್ತು ವರ್ಷ ಆದ ಮೇಲೆ ಸ್ಟೋಕಿನ ಹುಡುಗರ ಕೈಗೆ ಅದು ಹೇಗೋ ಸಿಕ್ಕಿತು. ಕಪ್ಪು ಬಿಳುಪು, ಒಂದೇ ಚಿತ್ರ, ನೋಡಿದ ತಕ್ಷಣ ಎದೆಗೆ ನಾಟಬೇಕು. ಹಾಡು ಹೇಗೋ ಹೊದಿಕೆಯೂ ಹಾಗೆ.

ಇಷ್ಟರಲ್ಲಿ ಟೆಜ್ ಬ್ಯಾಂಡ್ ಬಿಟ್ಟಿದ್ದ. ಡಿ-ಬೀಟಿಗೆ ಜನ್ಮ ಕೊಟ್ಟವನೇ ಇಲ್ಲ! ಸ್ವಲ್ಪ ದಿನ ಇನ್ನೊಬ್ಬ ಬಾರಿಸಿದ, ಆಮೇಲೆ ಗ್ಯಾರಿ ಮಲೋನಿ ಬಂದ, ವರೂಕರ್ಸ್ ಅನ್ನುವ ಬ್ಯಾಂಡಿನಿಂದ. (ಈ ವರೂಕರ್ಸ್ ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತೆ.) ತಾಳ ಮಾತ್ರ ಕದಲಲಿಲ್ಲ.

1982ರ ಮೇ ತಿಂಗಳಲ್ಲಿ ದೊಡ್ಡ ರೆಕಾರ್ಡ್ ಬಂತು: 'ಹಿಯರ್ ನಥಿಂಗ್ ಸೀ ನಥಿಂಗ್ ಸೇ ನಥಿಂಗ್'. ಕೇಳಬೇಡ, ನೋಡಬೇಡ, ಹೇಳಬೇಡ. ನಮಗೆ ಗಾಂಧಿಯ ಮೂರು ಮಂಗಗಳು ಚೆನ್ನಾಗಿ ಗೊತ್ತು, ಶಾಲೆಯ ಗೋಡೆ ಮೇಲೆ ನೋಡಿಯೇ ಬೆಳೆದವರು. ನಮ್ಮ ಮಂಗಗಳು ಕೆಟ್ಟದ್ದನ್ನು ಕೇಳಬೇಡ ಅನ್ನುತ್ತವೆ. ಇವರು ಅದರಿಂದ 'ಕೆಟ್ಟದ್ದು' ಅನ್ನುವ ಪದವನ್ನೂ ತೆಗೆದುಬಿಟ್ಟರು, ನೋಡಿ, ಅಲ್ಲೂ ಕಳೆಯುವ ಲೆಕ್ಕವೇ. ಏನನ್ನೂ ಕೇಳಬೇಡ, ಏನನ್ನೂ ನೋಡಬೇಡ, ತೆಪ್ಪಗಿರು. ಬುದ್ಧಿಮಾತು ಆಗಿದ್ದದ್ದು ಬೈಗುಳ ಆಯಿತು.

ಆ ರೆಕಾರ್ಡ್ ಅಂಗಡಿಗೆ ಬಂದಾಗ ಫಾಕ್ಲೆಂಡ್ ದ್ವೀಪಗಳಿಗಾಗಿ ಬ್ರಿಟನ್ನಿಗೂ ಅರ್ಜೆಂಟೀನಾಕ್ಕೂ ಯುದ್ಧ ನಡೆಯುತ್ತಿತ್ತು. ಏಪ್ರಿಲ್‌ನಿಂದ ಜೂನ್‌ವರೆಗೆ ನಡೆದ ಯುದ್ಧ, ಬ್ರಿಟನ್ನಿನ 255 ಜನ, ಅರ್ಜೆಂಟೀನಾದ 649 ಜನ ಸತ್ತರು. ದೇಶದ ತುಂಬ ಬಾವುಟ ಹಾರುತ್ತಿತ್ತು. ಅದೇ ವರ್ಷದ ಶುರುವಿನಲ್ಲಿ ಕೆಲಸ ಇಲ್ಲದವರ ಲೆಕ್ಕ 30 ಲಕ್ಷ ದಾಟಿತ್ತು. ಇಂಥ ಹೊತ್ತಿನಲ್ಲಿ ಹದಿನಾಲ್ಕು ಹಾಡು, ಎಲ್ಲ ಸೇರಿ ಅರ್ಧ ಗಂಟೆಯೂ ಇಲ್ಲ. ಅದು ದೇಶದ ಆಲ್ಬಮ್ ಪಟ್ಟಿಯಲ್ಲಿ 40ನೇ ಸ್ಥಾನಕ್ಕೆ ಬಂತು. ದೊಡ್ಡ ಕಂಪನಿಗಳ ನಯವಾದ ಪಾಪ್ ರೆಕಾರ್ಡುಗಳ ನಡುವೆ ಇದು ಹೇಗೆ ಕೂತಿತ್ತೋ, ಮದುವೆ ಪಂಕ್ತಿಯಲ್ಲಿ ಕೆಸರು ಬೂಟು ಹಾಕಿಕೊಂಡು ಕೂತವನ ಹಾಗೆ ಇರಬೇಕು.

ಆಗ ಪಂಕ್ ಮುಗಿದುಹೋಯಿತು ಅಂತ ಬಲ್ಲವರು ಬರೆದು ಆಗಿತ್ತು. ಸೆಕ್ಸ್ ಪಿಸ್ಟಲ್ಸ್ 1978ರ ಜನವರಿಯಲ್ಲೇ ಒಡೆದುಹೋಗಿದ್ದರು. ಬುದ್ಧಿವಂತರೆಲ್ಲ ಬೇರೆ ಸಂಗೀತದ ಕಡೆ ಹೊರಟಿದ್ದರು. ಹಿಂದೆ ಉಳಿದವರು ಚಿಕ್ಕ ಊರಿನ ಹುಡುಗರು. ಎಡಿನ್‌ಬರೋದ ಎಕ್ಸ್‌ಪ್ಲಾಯ್ಟೆಡ್, ಬರ್ಮಿಂಗ್‌ಹ್ಯಾಮ್‌ನ ಜಿಬಿಎಚ್ (ಇವರೂ ಕ್ಲೇ ರೆಕಾರ್ಡ್ಸ್‌ನವರೇ), ಸ್ಟೋಕಿನ ಇವರು. ಈ ಎರಡನೇ ಅಲೆಯನ್ನು 'ಯುಕೆ82' ಅಂತಲೂ ಕರೆಯುತ್ತಾರೆ, ಎಕ್ಸ್‌ಪ್ಲಾಯ್ಟೆಡ್‌ನ ಒಂದು ಹಾಡಿನ ಹೆಸರಿನಿಂದ. ಲಂಡನ್ನಿನ ಪಂಕ್ ಬಟ್ಟೆ ಅಂಗಡಿಯಿಂದ ಹೊರಟಿತ್ತು. ಇದು ಮುಚ್ಚಿದ ಕಾರ್ಖಾನೆಯ ಹಿಂದಿನ ಬೀದಿಯಿಂದ ಹೊರಟದ್ದು. ನನಗೆ ಯಾವುದು ಜಾಸ್ತಿ ಇಷ್ಟ ಅಂತ ಇಷ್ಟು ಹೊತ್ತಿಗೆ ನಿಮಗೆ ಗೊತ್ತಾಗಿರುತ್ತೆ.

ಇಲ್ಲಿಂದ ಮುಂದೆ ಇಳಿಜಾರು. ದೊಡ್ಡ ರೆಕಾರ್ಡ್ ಬಂದ ಸ್ವಲ್ಪ ಕಾಲಕ್ಕೆ ಬೋನ್ಸ್ ಬಿಟ್ಟು ಹೋದ, 1983ರಲ್ಲಿ ಬ್ರೋಕನ್ ಬೋನ್ಸ್ ಅಂತ ಬೇರೆ ಬ್ಯಾಂಡ್ ಕಟ್ಟಿದ, ಟೆಜ್ ಅಲ್ಲಿಗೆ ಹೋಗಿ ಸೇರಿದ. ಡಿಸ್ಚಾರ್ಜ್‌ನಲ್ಲಿ ಗಿಟಾರ್ ಹಿಡಿಯುವ ಕೈ ಬದಲಾಗುತ್ತಾ ಹೋಯಿತು. ತಾಳ ನಿಧಾನ ಆಯಿತು, ಹೆವಿ ಮೆಟಲ್, ಅಂದರೆ ಭಾರವಾದ ಗಿಟಾರಿನ ರಾಕ್, ಅದರ ವಾಸನೆ ಜಾಸ್ತಿ ಆಯಿತು. 1984ರ 'ದ ಮೋರ್ ಐ ಸೀ' ಚೆನ್ನಾಗಿಯೇ ಇದೆ, ಸುಳ್ಳು ಹೇಳಬಾರದು. ಆದರೆ 1986ರಲ್ಲಿ 'ಗ್ರೇವ್ ನ್ಯೂ ವರ್ಲ್ಡ್' ಬಂತು.

ಏನು ಹೇಳಲಿ. ಒಂದೇ ಎತ್ತರದಲ್ಲಿ ಗುಡುಗುತ್ತಿದ್ದ ಕ್ಯಾಲ್ ಇದ್ದಕ್ಕಿದ್ದ ಹಾಗೆ ಕೀರಲು ದನಿಯಲ್ಲಿ, ಮೇಲಿನ ಸ್ಥಾಯಿಯಲ್ಲಿ ರಾಗ ಎಳೆಯಲು ಶುರು ಮಾಡಿದ. ಒಂದು ಹಾಡು ಹದಿನೈದು ನಿಮಿಷದ ಹತ್ತಿರ ಇದೆ. ಹಿಂದೆ ಹದಿನಾಲ್ಕು ಹಾಡು ಅರ್ಧ ಗಂಟೆಯೊಳಗೆ ಮುಗಿಸಿದವರು! ಆಗ ಅಮೆರಿಕದಲ್ಲಿ ಉದ್ದ ಕೂದಲಿನ ಮೆಟಲ್ ಬ್ಯಾಂಡುಗಳ ಕಾಲ. ಅವರ ಹಾಗೆ ಆಗಬೇಕು ಅನ್ನಿಸಿತೋ, ಎಷ್ಟು ವರ್ಷ ಅದನ್ನೇ ಕೂಗುವುದು ಅಂತ ಬೇಜಾರಾಯಿತೋ. ಎರಡನೆಯದಾಗಿದ್ದರೆ ನನಗೆ ಅರ್ಥ ಆಗುತ್ತೆ. ಇಪ್ಪತ್ತರ ವಯಸ್ಸಿನಲ್ಲಿ ಕಂಡುಕೊಂಡದ್ದನ್ನೇ ಜೀವನಪೂರ್ತಿ ಮಾಡು ಅಂದರೆ ಯಾರಿಗೆ ಉಸಿರು ಕಟ್ಟುವುದಿಲ್ಲ. ಆದರೆ ಟಿಕೆಟ್ ಕೊಂಡು ಬಂದವರಿಗೆ ಈ ಸಹಾನುಭೂತಿ ಇರಲಿಲ್ಲ. ಅಮೆರಿಕದ ಪ್ರವಾಸದಲ್ಲಿ ಜನ ಕೂಗಿ ಕೂಗಿ ಬೈದರು, ಕೈಗೆ ಸಿಕ್ಕಿದ್ದನ್ನು ಎಸೆದರು. ಕ್ಯಾಲ್ ಬಿಟ್ಟ. ಬ್ಯಾಂಡು ಒಡೆಯಿತು.

ವಿಚಿತ್ರ ಏನೆಂದರೆ, ಇವರು ತಮ್ಮ ಸದ್ದನ್ನು ಬೀದಿಗೆ ಬಿಟ್ಟಾಗ ಅದನ್ನು ಎತ್ತಿಕೊಂಡು ಸಾಕಲು ಬೇರೆ ಬೇರೆ ದೇಶದಲ್ಲಿ ಜನ ಕಾದು ಕೂತಿದ್ದರು. ಸ್ವೀಡನ್ನಿನಲ್ಲಿ ಆಂಟಿ ಸೈಮೆಕ್ಸ್, ಮಾಬ್ 47 ಅಂತ ಬ್ಯಾಂಡುಗಳು ಎಂಬತ್ತರ ದಶಕದ ಶುರುವಿನಲ್ಲೇ ಈ ತಾಳ ಹಿಡಿದಿದ್ದವು. ಆಮೇಲೆ ಹೆಸರನ್ನೂ ಹಿಡಿದರು. ಡಿಸ್‌ಕಾರ್ಡ್, ಡಿಸ್‌ಚೇಂಜ್, ಡಿಸ್‌ಫಿಯರ್ ಇವೆಲ್ಲ ಸ್ವೀಡನ್. ಡಿಸ್‌ಕ್ಲೋಸ್ ಜಪಾನಿನ ಕೋಚಿ ಊರಿನದು. ಹೆಸರು 'ಡಿಸ್' ಅಂತ ಶುರುವಾದರೆ ಸಾಕು, ಒಳಗೆ ಯಾವ ಸದ್ದು ಇದೆ ಅಂತ ರೆಕಾರ್ಡ್ ಹಾಕದೆಯೇ ಹೇಳಬಹುದು. ನಮ್ಮ ಕಡೆ ಮನೆದೇವರ ಹೆಸರನ್ನು ಮನೆಯ ಮಕ್ಕಳಿಗೆಲ್ಲ ಇಡುತ್ತಾರಲ್ಲ, ಹಾಗೆ. ಡಿಸ್‌ಕ್ಲೋಸ್‌ನವರಂತೂ ಹೊದಿಕೆ, ಅಕ್ಷರ, ವಿಷಯ ಎಲ್ಲದರಲ್ಲೂ ಗುರುವಿನ ದಾರಿ ಬಿಡಲಿಲ್ಲ. ಅದನ್ನು ನಕಲು ಅನ್ನಲು ನನಗೆ ಬಾಯಿ ಬರುವುದಿಲ್ಲ. ಅಣುಬಾಂಬು ಬಿದ್ದ ದೇಶದ ಹುಡುಗರು ಅಣುಬಾಂಬಿನ ಬಗ್ಗೆ ಕೂಗಲು ಈ ಸದ್ದನ್ನೇ ಆರಿಸಿಕೊಂಡಿದ್ದಾರೆ.

ಇಷ್ಟು ಸುಲಭವಾಗಿ ಯಾಕೆ ಹರಡಿತು? ಕಳೆದದ್ದರಿಂದ. ಸಾಹಿತ್ಯ ನಾಲ್ಕೇ ಸಾಲು, ಇಂಗ್ಲಿಷ್ ಬರದವನೂ ಹಾಡಬಹುದು. ಸ್ವರ ಮೂರೇ, ಹೊಸದಾಗಿ ಗಿಟಾರ್ ಕೊಂಡವನೂ ನುಡಿಸಬಹುದು. ಹೊದಿಕೆ ಕಪ್ಪು ಬಿಳುಪು, ಜೆರಾಕ್ಸ್ ಅಂಗಡಿಯಲ್ಲಿ ಆಗುತ್ತೆ. ಅಂಚೆಯಲ್ಲಿ ಕ್ಯಾಸೆಟ್ ಕಳಿಸಿದರೆ ಸದ್ದು ಸ್ವಲ್ಪ ಕೆಡುತ್ತೆ, ಕೆಟ್ಟರೆ ಇನ್ನೂ ಚೆನ್ನ! ಒಂದು ಮಾತ್ರ ಸುಲಭ ಅಲ್ಲ. ಆ ತಾಳವನ್ನು ಕೈ ಸೋಲದೆ ಅರ್ಧ ಗಂಟೆ ಬಾರಿಸಬೇಕು. ಒಮ್ಮೆ ಮೇಜಿನ ಮೇಲೆ ಎರಡು ನಿಮಿಷ ಪ್ರಯತ್ನ ಮಾಡಿ, ಭುಜ ಏನು ಹೇಳುತ್ತೆ ನೋಡಿ.

ಇನ್ನೊಂದು ಕವಲು ಮೆಟಲ್ ಕಡೆ ಹೋಯಿತು. ಬರ್ಮಿಂಗ್‌ಹ್ಯಾಮ್ ಹತ್ತಿರದ ಮೆರಿಡೆನ್‌ನಲ್ಲಿ ಶುರುವಾದ ನೇಪಾಮ್ ಡೆತ್ ಬ್ಯಾಂಡಿನವರು ಈ ವೇಗವನ್ನು ಇನ್ನೂ ಏರಿಸಿ 1987ರಲ್ಲಿ 'ಸ್ಕಮ್' ಅನ್ನುವ ರೆಕಾರ್ಡ್ ತಂದರು, ಅದಕ್ಕೆ ಗ್ರೈಂಡ್‌ಕೋರ್ ಅಂತ ಹೆಸರು ಬಿತ್ತು. ಅಮೆರಿಕದಲ್ಲಿ ಆಂಥ್ರಾಕ್ಸ್ ಅನ್ನುವ ಮೆಟಲ್ ಬ್ಯಾಂಡಿನವರು 1991ರಲ್ಲಿ 'ಪ್ರೊಟೆಸ್ಟ್ ಅಂಡ್ ಸರ್ವೈವ್' ಹಾಡಿದರು. ಇನ್ನು ಮೆಟಾಲಿಕಾ, ಅದೂ ಅಮೆರಿಕದ್ದೇ, ದೊಡ್ಡ ಹೆಸರಿನ ಮೆಟಲ್ ಬ್ಯಾಂಡ್. 2011ರ ಅಕ್ಟೋಬರ್ 30ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಮೆಟಾಲಿಕಾ ನೋಡಿದವರು ಇಲ್ಲಿ ಎಷ್ಟು ಜನ ಇದ್ದೀರಿ? (ಐದಾರು ಕೈ ಮೇಲೆ ಹೋದವು.) ನಿಮಗೆ ಈ ಮಾತು. ಆ ಮೆಟಾಲಿಕಾ ತಮಗೆ ದಾರಿ ತೋರಿಸಿದವರ ಹಾಡುಗಳನ್ನೆಲ್ಲ ಹಾಡಿ 1998ರಲ್ಲಿ 'ಗರಾಜ್ ಇಂಕ್' ಅಂತ ಎರಡು ಸಿಡಿ ತಂದರು. ಮೊದಲ ಸಿಡಿಯ ಮೊದಲ ಹಾಡು 'ಫ್ರೀ ಸ್ಪೀಚ್ ಫಾರ್ ದ ಡಂಬ್', ಅದೇ, ಒಂದೇ ಸಾಲಿನ ಹಾಡು. ಅದೇ ಸಿಡಿಯ ಕೊನೆಯ ಹಾಡು 'ದ ಮೋರ್ ಐ ಸೀ'. ಬಾಗಿಲು ತೆಗೆಯುವುದೂ ಮುಚ್ಚುವುದೂ ಡಿಸ್ಚಾರ್ಜ್. ಆ ಸಿಡಿ ಕೊಂಡ ಲಕ್ಷಾಂತರ ಜನ ಸ್ಟೋಕಿನ ಈ ಹುಡುಗರನ್ನು ಕೇಳಿಬಿಟ್ಟರು, ಹೆಸರು ಗೊತ್ತಿಲ್ಲದೆ.

ಬ್ಯಾಂಡಿನ ಕಥೆ ಮುಗಿಸಿಬಿಡ್ತೀನಿ. ತೊಂಬತ್ತರ ದಶಕದ ಶುರುವಿನಲ್ಲಿ ಕ್ಯಾಲ್ ಹೊಸಬರನ್ನು ಕಟ್ಟಿಕೊಂಡು ಎರಡು ಮೆಟಲ್ ರೆಕಾರ್ಡ್ ತಂದ, ಅದರ ಬಗ್ಗೆ ಹೆಚ್ಚು ಮಾತು ಬೇಡ. 2001ರ ಹೊತ್ತಿಗೆ ಹಳೆಯ ನಾಲ್ವರೂ ಮತ್ತೆ ಸೇರಿದರು, 2002ರಲ್ಲಿ ಬ್ಯಾಂಡಿನ ಹೆಸರನ್ನೇ ಇಟ್ಟು ಒಂದು ರೆಕಾರ್ಡ್ ಬಂತು. ತಾಳ ವಾಪಸ್ ಬಂದಿತ್ತು! ಆದರೆ ಕ್ಯಾಲ್ ಜಾಸ್ತಿ ದಿನ ಉಳಿಯಲಿಲ್ಲ. ಅವನ ಜಾಗಕ್ಕೆ ಬಂದವನು ರ್‍ಯಾಟ್, ವರೂಕರ್ಸ್‌ನ ಹಾಡುಗಾರ. ನೆನಪಿಟ್ಟುಕೊಳ್ಳಿ ಅಂದಿದ್ದೆನಲ್ಲ. ಡಿಸ್ಚಾರ್ಜ್‌ನ ದಾರಿಯಲ್ಲೇ ನಡೆದ ಬ್ಯಾಂಡು ಅದು, ಅದರವನೇ ಮೂಲ ಬ್ಯಾಂಡಿನ ಮೈಕ್ ಹಿಡಿದ. 2014ರಲ್ಲಿ ಜೆಜೆ ಜಾನಿಯಾಕ್ ಅನ್ನುವವನು ಬಂದ, ಟೆಜ್ ಕೂಡ ವಾಪಸ್ ಬಂದ, ಈ ಸಲ ಕೈಯಲ್ಲಿ ಗಿಟಾರ್. ಹಾಡಿ ಆಯಿತು, ಡ್ರಮ್ಸ್ ಆಯಿತು, ಇನ್ನು ಅದೊಂದು ಬಾಕಿ ಇತ್ತು ಅವನಿಗೆ. 2016ರಲ್ಲಿ 'ಎಂಡ್ ಆಫ್ ಡೇಸ್' ಬಂತು. ಕೇಳಿದರೆ 1982ರ ಹುಡುಗರು ಇನ್ನೂ ಕೋಪದಲ್ಲೇ ಇದ್ದಾರೆ ಅನ್ನಿಸುತ್ತದೆ.

ಆಮೇಲೆ ಪ್ರಶ್ನೆಗಳು ಬಂದವು. ಮುಂದಿನ ಸಾಲಿನಲ್ಲಿ ಕೂತಿದ್ದ ನಿವೃತ್ತ ಮೇಷ್ಟ್ರೊಬ್ಬರು, 'ಅಲ್ಲಪ್ಪಾ, ಇದನ್ನ ಸಂಗೀತ ಅಂತ ಕರೀತೀಯಾ ನೀನು' ಅಂತ ನಗುತ್ತಲೇ ಕೇಳಿದರು. ನಾನು, 'ಸರ್, ಶ್ರುತಿ ಹುಡುಕಿದರೆ ಸಿಗಲ್ಲ. ಲಯ ಮಾತ್ರ ಒಂದು ಕೂದಲೆಳೆಯೂ ತಪ್ಪಲ್ಲ' ಅಂದೆ. ಅವರು 'ಲಯ ಇದೆಯಾ, ಹಾಗಾದ್ರೆ ಕೇಳಿಸು ನೋಡೋಣ' ಅಂದರು.

ಹಿಂದಿನಿಂದ ಒಬ್ಬ ಹುಡುಗಿ ಎದ್ದು, 'ಇಷ್ಟೆಲ್ಲ ಕೂಗಿದರಲ್ಲ ಸರ್, ಆ ಕ್ಷಿಪಣಿ ಏನಾಯ್ತು' ಅಂತ ಕೇಳಿದಳು. ನಿಜ ಹೇಳಬೇಕು ಅಂದರೆ, 1983ರ ನವೆಂಬರಿನಲ್ಲಿ ಅವು ಗ್ರೀನಮ್‌ಗೆ ಬಂದೇ ಬಂದವು. ಹಾಡುಗಳು ತಡೆಯಲಿಲ್ಲ. ಹೆಂಗಸರು 1981ರಿಂದ ಆ ಬೇಲಿಯ ಹೊರಗೆ ಗುಡಾರ ಹಾಕಿ ಕೂತಿದ್ದರು, ಅವರೂ ತಡೆಯಲಾಗಲಿಲ್ಲ. ಅಮೆರಿಕ ಮತ್ತು ಸೋವಿಯತ್ ಒಕ್ಕೂಟ 1987ರಲ್ಲಿ ಒಪ್ಪಂದಕ್ಕೆ ಬಂದ ಮೇಲೆ, 1991ರಲ್ಲಿ ಕೊನೆಯದು ಹೋಯಿತು. ಹೆಂಗಸರು ಅದಾದ ಮೇಲೂ ಎಷ್ಟೋ ವರ್ಷ ಅಲ್ಲೇ ಇದ್ದರು.

ಕೊನೆಗೆ 1982ರ ರೆಕಾರ್ಡ್ ಹಾಕಿದೆ. ಮೇಷ್ಟ್ರು ಕಣ್ಣು ಮುಚ್ಚಿಕೊಂಡು ತೊಡೆಯ ಮೇಲೆ ತಾಳ ಹಾಕಲು ನೋಡಿದರು, ಎರಡು ಸಲ ತಪ್ಪಿತು, ಮೂರನೇ ಸಲ ಆ 'ಡುಡುಂ' ಕೈಗೆ ಸಿಕ್ಕಿತು. ಟೀ ತರಲು ಹೋದ ಹುಡುಗ ವಾಪಸ್ ಬರುವಷ್ಟರಲ್ಲಿ ಒಂದು ಸೈಡ್ ಮುಗಿದೇ ಹೋಗಿತ್ತು. ಮೇಷ್ಟ್ರು ಕಣ್ಣು ಬಿಟ್ಟು, 'ಇನ್ನೊಂದು ಮಗ್ಗುಲೂ ಹಾಕು' ಅಂದರು.